ಯಾರು ಉಟ್ಟ ಸೀರೆ ಇದು

ಶಹಾಬಾದಿನ ನನ್ನ ಅಂಗಡಿಗೆ ಬರುವ ಹೆಂಗಸರು ಮೊದಲು ಸೀರೆಯ ಬಣ್ಣ ನೋಡುವುದಿಲ್ಲ, ದಡಿ ನೋಡುವುದಿಲ್ಲ. ಎರಡು ಬೆರಳಲ್ಲಿ ಸೆರಗಿನ ತುದಿ ಎತ್ತಿ, ಸತ್ತ ಇಲಿ ಹಿಡಿದವರ ಹಾಗೆ ಮುಖ ಮಾಡಿ, 'ಇದು ಯಾರು ಉಟ್ಟದ್ದರಿ?' ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೆಸರಲ್ಲ. ಯಾವ ಓಣಿ, ಯಾವ ಜಾತಿ, ಉಟ್ಟವಳು ಇದ್ದಾಳೋ ಹೋದಳೋ, ಗಂಡ ಇದ್ದವಳೋ ಇಲ್ಲದವಳೋ, ಇಷ್ಟೂ ಆ ಒಂದು ಪ್ರಶ್ನೆಯೊಳಗೆ ಇರುತ್ತದೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. 'ವಾಡಿ ಬಸ್ಸಿನ್ಯಾಗ ಕಿಡಕಿಯೊಳಗಿಂದ ಟವೆಲ್ ಒಗದು ಸೀಟ್ ಹಿಡೀತೀರಲ್ಲ, ಆ ಸೀಟಿನ ಮ್ಯಾಲ ಮೊದಲ ಯಾರು ಕುಂತಿದ್ದರು ಅಂತ ಕೇಳ್ತೀರೇನ್ರಿ?' ಅನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಾರೆ. ಹೋದರೆ ಹೋಗಲಿ. ಹೀಗೆ ಬಾಯಿ ಮಾಡಿದರೆ ವ್ಯಾಪಾರ ಹೇಗಾದೀತು ಎಂದು ನನ್ನ ಗಂಡ ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಾಗಿದ್ದಾನೆ.

ಅಂಗಡಿ ಇರುವುದು ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ. ಮೊದಲು ಅದು ಹಿಟ್ಟಿನ ಗಿರಣಿಯಾಗಿತ್ತು. ಎಷ್ಟು ಸಲ ಸುಣ್ಣ ಹೊಡೆಸಿದರೂ ಗೋಡೆಯ ಮೂಲೆಗಳಿಗೆ ಇನ್ನೂ ಜೋಳದ ಹಿಟ್ಟಿನ ವಾಸನೆ. ಹಳೆಯ ಇಲಕಲ್ ಸೀರೆ, ಖಣದ ಕುಪ್ಪಸ, ಯಾರದೋ ಅಜ್ಜನ ಶೇರ್ವಾನಿ, ಚಿಂಚೋಳಿ ಕಡೆಯ ತಾಂಡಾಗಳಿಂದ ಬರುವ ಕನ್ನಡಿ ಕಸೂತಿಯ ಲಂಬಾಣಿ ಲಂಗ, ಎಲ್ಲ ಇಟ್ಟಿದ್ದೇನೆ. ತೀರಾ ಹರಿದದ್ದನ್ನು ಕತ್ತರಿಸಿ ಜಾಕೀಟು, ಜೋಳಿಗೆ, ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆ ಹೊಲಿಯುತ್ತೇನೆ. ಹೊಲಿಗೆಯೆಲ್ಲ ಕೈಯದೇ, ಮಶೀನು ಮುಟ್ಟುವುದಿಲ್ಲ. ಕಲಬುರಗಿಯಿಂದ ಬರುವ ಕಾಲೇಜು ಹುಡುಗಿಯರು ಇದಕ್ಕೆ ಬೋಹೋ ಸ್ಟೈಲ್ ಅನ್ನುತ್ತಾರೆ, ವಿಂಟೇಜ್ ಅನ್ನುತ್ತಾರೆ, ಹೊಸ್ತಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಊರಿನವರು 'ಸತ್ತೋರ ಬಟ್ಟಿ ಅಂಗಡಿ' ಅನ್ನುತ್ತಾರೆ. ಎರಡೂ ನನಗೆ ಕೇಳಿಸುತ್ತವೆ. ಬಂದ ಬಟ್ಟೆಯನ್ನೆಲ್ಲ ನಾನು ಅಂಟುವಾಳದ ನೀರಲ್ಲಿ ನೆನೆಹಾಕಿ, ಹಿಂಡಿ, ಹಿತ್ತಲ ಫರಸಿ ಕಲ್ಲಿನ ಮೇಲೆ ಬಿಸಿಲಿಗೆ ಹರವುತ್ತೇನೆ. ನಮ್ಮ ಕಡೆಯ ಬಿಸಿಲಿಗೆ ಬದುಕುವ ಮೈಲಿಗೆ ಯಾವುದಿದೆಯೋ ನಾನಂತೂ ಕಂಡಿಲ್ಲ.

ಇದಕ್ಕಿಂತ ಹೆಚ್ಚು ಉರಿ ಬರುವುದು ಇನ್ನೊಂದಕ್ಕೆ. ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಮುಖ ತಿರುವಿದವಳೇ, ಮನೆಯಲ್ಲಿ ಹೆರಿಗೆ ಹತ್ತಿರವಾದಾಗ ಹಿತ್ತಲ ಬಾಗಿಲಿಂದ ಬರುತ್ತಾಳೆ. 'ಮೆತ್ತಂದು ಒಂದು ಹಳೇ ಸೀರಿ ಇದ್ರ ಕೊಡ್ರಿ ಅಕ್ಕಾರ, ಸೊಸಿದು ದಿನ ತುಂಬ್ಯಾವ.' ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದಲ್ಲ! ತೊಟ್ಟಿಲಿಗೆ ಹಾಕುವ ತನಕ ಹಳೆಯದರಲ್ಲೇ ಸುತ್ತಬೇಕು, ಹತ್ತಾರು ವರ್ಷ ಒಗೆದು ಮೆತ್ತಗಾದದ್ದೇ ಆಗಬೇಕು. ಈಗಿನವರ ಮನೆಯಲ್ಲಿ ಅಂಥ ಸೀರೆ ಎಲ್ಲಿದೆ? ಇರುವುದೆಲ್ಲ ಪಾಲಿಸ್ಟರ್, ಸುತ್ತಿದರೆ ಕೂಸಿಗೆ ದದ್ದು ಏಳುತ್ತದೆ. ಆಗ ಸತ್ತೋರ ಬಟ್ಟೆ ಅಂಗಡಿ ನೆನಪಾಗುತ್ತದೆ. ಅವತ್ತು ಯಾರೂ 'ಇದು ಯಾರು ಉಟ್ಟದ್ದು' ಎಂದು ಕೇಳುವುದಿಲ್ಲ. ನಾನು ಕೊಡುತ್ತೇನೆ, ಕೊಡುವಾಗ ನಾಲ್ಕು ಮಾತು ಆಡಿಯೇ ಕೊಡುತ್ತೇನೆ.

ಆ ಹೆಣ್ಣುಮಗಳು ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ, ರಸ್ತೆಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ. ತುಂಬು ಬಸುರಿ. ಬೆವರು ಗದ್ದದಿಂದ ಇಳಿಯುತ್ತಿತ್ತು. ಕುಂದ್ರವ್ವ ಎಂದು ಸ್ಟೂಲು ಸರಿಸಿದರೆ ಕೂರಲಿಲ್ಲ, ನೀರು ಕೊಟ್ಟರೆ ಕೈಯಲ್ಲೇ ಹಿಡಿದುಕೊಂಡಳು. ಒಂದೊಂದೇ ಸೀರೆಯ ಗಂಟಿಗೆ ಕೈಹಾಕಿ ಮೇಲಿಂದ ಕೆಳಗಿನವರೆಗೆ ಮಡಿಕೆ ಬಿಚ್ಚಿ ನೋಡಿದಳು. ಇಂಥ ಗಿರಾಕಿಯನ್ನು ನಾನು ಮೊದಲು ಕಂಡಿರಲಿಲ್ಲ. ಕೊಳ್ಳುವವರು ಹೀಗೆ ನೋಡುವುದಿಲ್ಲ. ಜಾತ್ರೆಯಲ್ಲಿ ಕೂಸು ಕಳಕೊಂಡವರು ಹೀಗೆ ನೋಡುತ್ತಾರೆ.

'ಯಾವ ಥರದ್ದು ಬೇಕವ್ವ?' ಎಂದೆ.

'ನಮ್ಮವ್ವಂದು ಬೇಕ್ರಿ' ಅಂದಳು.

ಆಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದಳು. ತವರು ಸೇಡಂ ತಾಲೂಕಿನ ಕುರಕುಂಟಾ. ಕೊಟ್ಟದ್ದು ವಾಡಿಗೆ. ಅವ್ವ ಒಂದು ವರ್ಷ ಹಾಸಿಗೆ ಹಿಡಿದಿದ್ದಳಂತೆ. ಆ ವರ್ಷದ ಕೊನೆಗೆ ಇವಳಿಗೆ ಬಸುರು ನಿಂತು, ಒಂದೇ ಸಮನೆ ವಾಂತಿ. ಅತ್ತೆ ತವರಿಗೆ ಕಳಿಸಿರಲಿಲ್ಲ. ಅವ್ವ ತೀರಿಕೊಂಡ ಸುದ್ದಿ ಬಂದಾಗ ಓಡಿಹೋದಳಂತೆ. ಹೋದವಳನ್ನು ಓಣಿಯ ಬಾಯಲ್ಲೇ ತಡೆದು ಪಕ್ಕದ ಮನೆಯಲ್ಲಿ ಕೂಡಿಸಿದ್ದಾರೆ. ಬಸುರಿ ಹೆಣ್ಣುಮಗಳು ಹೆಣ ನೋಡಬಾರದು. ಹಲಗೆಯ ಸದ್ದು ಕೇಳಿಸಿತಂತೆ, ಅಣ್ಣ ಅಳುವುದು ಕೇಳಿಸಿತಂತೆ. ಅವ್ವನ ಮುಖ ನೋಡಲು ಬಿಡಲಿಲ್ಲ.

'ಕಿಡಕಿಯರ ತಗೀರಿ, ದೂರದಿಂದ ನೋಡ್ತೀನಿ ಅಂದ್ರೂ ಬಿಡಲಿಲ್ರಿ ಅಕ್ಕಾರ. ಹಿಂದಾಗಡೆ ಕೇಳಿದ್ರ ಆಕೀ ಸೀರಿ ಒಂದೂ ಮನ್ಯಾಗ ಇಲ್ಲ. ನಮ್ಮ ವೈನಿ ಎಲ್ಲಾ ಭಾಂಡೆದಾಕಿಗಿ ಕೊಟ್ಟು ಬಿಟ್ಟಾಳ.'

ವೈನಿ ಅಂದರೆ ಅಣ್ಣನ ಹೆಂಡತಿ. ಭಾಂಡೆಯವಳೆಂದರೆ ಹಳೆಯ ಬಟ್ಟೆ ತಗೊಂಡು ಬದಲಿಗೆ ಸ್ಟೀಲಿನ ಪಾತ್ರೆ ಕೊಡುತ್ತ ಊರೂರು ತಿರುಗುವಾಕೆ. ನನಗೂ ಬಟ್ಟೆ ಬರುವುದು ಅಂಥವರಿಂದಲೇ. ಅದಕ್ಕೇ ಈ ಹೆಣ್ಣುಮಗಳು ಯಾರನ್ನೋ ಕೇಳಿಕೊಂಡು ನನ್ನ ಅಂಗಡಿಗೆ ಬಂದಿದ್ದಳು. ಬೇರೆ ಏನೂ ಬೇಡವಂತೆ. ಹುಟ್ಟುವ ಕೂಸನ್ನು ಮೊದಲ ಸಲ ಸುತ್ತುವುದಕ್ಕೆ ಅವ್ವನ ಒಂದು ಸೀರೆ ಬೇಕು. ಮುಖವಂತೂ ನೋಡಲಾಗಲಿಲ್ಲ, ವಾಸನೆಯಾದರೂ ಕೂಸಿಗೆ ಹತ್ತಲಿ ಅಂದಳು. ಗಂಧದ ಬಣ್ಣದ್ದೊಂದು ಇಲಕಲ್, ಹಸಿರಿನದೊಂದು, ಕಪ್ಪು ಚಂದ್ರಕಾಳಿಯೊಂದು. ಯಾವುದಾದರೂ ಸರಿ. ಅರ್ಧ ಹರಿದದ್ದಾದರೂ ಸರಿ.

ನನ್ನ ಮೈ ಉರಿದುಹೋಯಿತು. ಏನು ಜನ ಇವರು! ಬಸುರಿ ಅಂತ ಅವ್ವನ ಮುಖ ತೋರಿಸಲಿಲ್ಲ. ಇರಲಿ. ಆ ಸೀರೆಗಳನ್ನಾದರೂ ಒಂದು ಗಂಟು ಕಟ್ಟಿ ಅಟ್ಟದ ಮೇಲೆ ಎಸೆದಿದ್ದರೆ ಆ ವೈನಿಯ ಮನೆಯ ಗಂಟೇನು ಹೋಗುತ್ತಿತ್ತು? ಒಂದು ಪಾತೇಲಿಗಾಗಿ ಅತ್ತೆಯ ಸೀರೆ ಮಾರುವ ಹೆಂಗಸು ಎಂಥ ಹೆಂಗಸು? ಅವಳನ್ನು ನಾನು ಕಂಡೇ ಇರಲಿಲ್ಲ, ಆದರೂ ಅವಳ ಮುಖ ನನ್ನ ಕಣ್ಣಿಗೆ ಕಟ್ಟಿತ್ತು. ಸಣ್ಣ ಕಣ್ಣು, ಬಿಗಿದ ತುಟಿ, ಕೈಯಲ್ಲಿ ಥಳಥಳ ಹೊಳೆಯುವ ಹೊಸ ಸ್ಟೀಲು.

'ನೀ ಮನಿಗಿ ಹೋಗವ್ವ. ಈ ಬಿಸಲಾಗ ತಿರುಗಬ್ಯಾಡ. ನಾ ಹುಡುಕ್ತೀನಿ' ಎಂದೆ. ಹೇಳಿದ ಮೇಲೆ ಹುಡುಕಬೇಕಲ್ಲ.

ಕುರಕುಂಟಾ ಕಡೆ ತಿರುಗುವ ಭಾಂಡೆಯವಳು ನನಗೆ ಗೊತ್ತಿದ್ದವಳೇ. ಚಿತ್ತಾಪುರದ ಸಂತೆಯಲ್ಲಿ ಸಿಕ್ಕಳು, ಪಾತ್ರೆಗಳ ನಡುವೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕೇಳಿದ ಕೂಡಲೇ ನೆನಪಾಯಿತು ಅವಳಿಗೆ. ಯಾಕೆಂದರೆ ಆ ಮನೆಯಲ್ಲಿ ಚೌಕಾಶಿಯೇ ನಡೆದಿರಲಿಲ್ಲವಂತೆ.

'ಆಕೀ ಭಾಂಡೆ ತಗೊಳ್ಳೇ ಇಲ್ರಿ ಅಕ್ಕಾ. ಹೊಸ್ತಿಲ ಹೊರಗ ಗಂಟು ಇಟ್ಟು, ಒಯ್ದು ಬಿಡು ಅಂದ್ಳು. ನಾ ಒಂದು ಬುಟ್ಟಿ ಇಟ್ಟು ಬರ್ಲಿಕ್ಕೆ ಹೋದ್ರ ಅದೂ ಒಲ್ಲೆ ಅಂದ್ಳು. ಅಂಥವ್ರು ಭಾಳ ಕಮ್ಮಿ.'

ಆ ಮಾತನ್ನು ಆಗ ನಾನು ಕಿವಿಯಲ್ಲಿ ಹಾಕಿಕೊಂಡೆ, ತಲೆಯಲ್ಲಿ ಹಾಕಿಕೊಳ್ಳಲಿಲ್ಲ. ನೋಡು ಎಷ್ಟು ಅವಸರ ಅವಳಿಗೆ, ಅತ್ತೆಯ ಗುರುತು ಮನೆಯಿಂದ ಅಳಿಸಿ ಹಾಕಬೇಕಿತ್ತು, ಪಾತ್ರೆಯೂ ಬೇಡವಾಗುವಷ್ಟು ಅವಸರ, ಎಂದುಕೊಂಡು ಇನ್ನಷ್ಟು ಕುದಿದೆ. 'ಸೀರಿ ಎಲ್ಲಿ?' ಎಂದು ಕೇಳಿದೆ.

'ಜರಿದು, ರೇಷ್ಮೀದು ಇದ್ರ ನಿಮಗ ತರ್ತೀನಿ. ನೂಲಿನವು, ಅದೂ ಹಳೇವು. ಚಿಂದಿಯವ್ರಿಗಿ ಹೋದವು, ಮತ್ತೇನ್ರಿ.'

ಚಿಂದಿಯವರ ಗೋದಾಮು ಇರುವುದು ವಾಡಿಯಲ್ಲಿ. ಆ ಹೆಣ್ಣುಮಗಳ ಗಂಡನ ಮನೆಯಿಂದ ನಡೆದು ಹೋಗುವಷ್ಟು ದೂರ. ತನ್ನ ಅವ್ವನ ಸೀರೆ ಅಲ್ಲಿ ಬಿದ್ದಿದ್ದಾಗ ಅವಳು ಆ ರಸ್ತೆಯಲ್ಲಿ ತರಕಾರಿ ತರಲು ಹೋಗಿರಬೇಕು. ಗೋದಾಮಿನವನು ನಗುತ್ತ ಹೇಳಿದ: 'ಅವು ಎಂದೋ ಹೋದ್ವು ಅಕ್ಕಾರ. ಹಳೇ ನೂಲು ಎಣ್ಣಿ ಚಲೋ ಹೀರ್ತದ. ನಿಮ್ಮೂರಿನ ಫರಸಿ ಪಾಲಿಶ್ ಶೆಡ್ಡಿನವ್ರು ಒಯ್ತಾರ.'

ನಮ್ಮೂರಿನವರು! ಮರುದಿನ ಶೆಡ್ಡುಗಳ ಬಾಗಿಲು ತಟ್ಟುತ್ತ ಹೋದೆ. ಒಂದೊಂದರಲ್ಲೂ ಕಲ್ಲು ತಿಕ್ಕುವ ಮಶೀನಿನ ಸದ್ದು, ಕಾಲಡಿಗೆ ಬೂದು ಕೆಸರು, ಬಿಳಿ ಧೂಳಲ್ಲಿ ಮುಳುಗಿದ ಗಂಡಸರು. ಭಂಕೂರಿನ ದಾರಿಯ ಒಂದು ಶೆಡ್ಡಿನಲ್ಲಿ ಮಶೀನಿನ ಪಕ್ಕಕ್ಕೆ ಒಂದು ಡಬ್ಬಿ, ಅದರ ತುಂಬ ಚಿಂದಿ. ಮೇಲಿನದನ್ನು ಎಳೆದೆ. ಎಣ್ಣೆ ಕುಡಿದು ಕಪ್ಪಾಗಿತ್ತು, ಆದರೂ ಸೆರಗಿನಲ್ಲಿ ನೇಯ್ದ ಕೆಂಪು ಹಲ್ಲುಗಳು ಒಂದು ಮೂಲೆಯಲ್ಲಿ ಇನ್ನೂ ಕಾಣುತ್ತಿದ್ದವು. ಇಲಕಲ್ ಸೆರಗು. ಯಾರದೋ ಮದುವೆಯಲ್ಲಿ ಉಡಿ ತುಂಬಿದ ಸೆರಗು ಇದ್ದೀತು. ಕೂಸಿನ ಮೂಗು ಒರೆಸಿದ ಸೆರಗು ಇದ್ದೀತು. ಗಂಧದ ಬಣ್ಣದ್ದೋ, ಹಸಿರಿನದೋ, ಕಪ್ಪು ಚಂದ್ರಕಾಳಿಯೋ, ದೇವರಾಣೆ ಹೇಳಲು ಬರುತ್ತಿರಲಿಲ್ಲ. ಎಲ್ಲವೂ ಒಂದೇ ಬಣ್ಣವಾಗಿದ್ದವು.

'ಏನ್ರೀ ಇದು?' ಎಂದು ಕೂಗಿದೆ. ಮಶೀನಿನ ಸದ್ದಿನಲ್ಲಿ ಕೂಗಿದ್ದಕ್ಕೆ ನನ್ನ ಗಂಟಲೇ ಹರಿಯಿತು.

ಮೇಸ್ತ್ರಿ ಮಶೀನು ಬಂದ್ ಮಾಡಿ ನನ್ನ ಮುಖ ನೋಡಿದ. 'ಒರಸೋ ಬಟ್ಟಿ ಅಕ್ಕಾರ' ಅಂದ.

'ಇದು ಸೀರಿ!'

'ಇತ್ತು ಅಂತ ಅನ್ರಿ' ಅಂದ ಅವನು, ಕೊಂಕಿಲ್ಲದೆ. ಎಣ್ಣೆ ಮೆತ್ತಿದ್ದನ್ನೆಲ್ಲ ಸಂಜೆಗೆ ಸುಟ್ಟು ಬಿಡುತ್ತೇವೆ ಎಂದೂ ಹೇಳಿದ. ಅವನನ್ನು ಬೈದು ಏನು ಬಂತು? ಅವನಿಗೆ ಅದು ಚಿಂದಿಯಾಗಿಯೇ ಬಂದದ್ದು. ಆದರೂ ಬೈದೆ. ಬೈದು, ಆ ಡಬ್ಬಿಯನ್ನೆಲ್ಲ ಫರಸಿಯ ಮೇಲೆ ಸುರುವಿ ಒಂದೊಂದೇ ತುಂಡು ಬಿಡಿಸಿ ನೋಡಿದೆ. ಕೈ ಮೊಣಕೈವರೆಗೆ ಕಪ್ಪಾಯಿತು. ಆ ಹೆಣ್ಣುಮಗಳಿಗೆ ತೋರಿಸಬಹುದಾದಂಥದ್ದು ಒಂದು ಗೇಣೂ ಸಿಗಲಿಲ್ಲ.

ಅವತ್ತು ಅಂಗಡಿ ತೆರೆಯಲಿಲ್ಲ. ಕೈ ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದುಕೊಂಡು, ಸೀದಾ ಸೇಡಂ ಬಸ್ಸು ಹತ್ತಿದೆ. ಸೇಡಂನಲ್ಲಿ ಇಳಿದು ಕುರಕುಂಟಾದ ಟಂಟಂ ಆಟೋ ಹಿಡಿದೆ. ದಾರಿಯುದ್ದಕ್ಕೂ ವೈನಿಗೆ ಹೇಳಬೇಕಾದ್ದನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕ ಸ್ವಲ್ಪ ಸರಿದು ಕೂತ.

ಮನೆ ಸಿಗುವುದು ಕಷ್ಟವಾಗಲಿಲ್ಲ. ವೈನಿ ಒಬ್ಬಳೇ ಇದ್ದಳು, ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಅಂದುಕೊಂಡ ಸಣ್ಣ ಕಣ್ಣೂ ಇರಲಿಲ್ಲ, ಬಿಗಿದ ತುಟಿಯೂ ಇರಲಿಲ್ಲ. ಮೂವತ್ತರ ಆಚೀಚಿನ, ಸೊರಗಿದ, ಎತ್ತರದ ಹೆಂಗಸು. 'ಬರ್ರಿ, ಕುಂದ್ರಿ' ಎಂದು, ಯಾರು ಏನು ಎಂದು ಕೇಳದೆಯೇ ಮಣೆ ಕೊಟ್ಟಳು. ನಾನು ಕೂರಲಿಲ್ಲ. ನಿಂತೇ ಶುರುಮಾಡಿದೆ. ವಾಡಿಯಿಂದ ನಿಮ್ಮ ನಾದಿನಿ ಬಂದಿದ್ದಳು, ಬಿಸಿಲಲ್ಲಿ ಹೊಟ್ಟೆ ಹೊತ್ತುಕೊಂಡು, ಕೂಸಿಗೆ ಸುತ್ತಲು ಅವ್ವನ ಸೀರೆ ಕೇಳಿಕೊಂಡು. ಅತ್ತೆಯ ಸೀರೆ ಏನಾಗಿದೆ ಗೊತ್ತೇನು? ಕಲ್ಲಿನ ಮಶೀನು ಒರೆಸುತ್ತಿದ್ದಾರೆ. ನಿಮಗೆ ಎದೆಯಲ್ಲಿ ಏನಾದರೂ ಇದೆಯೋ ಇಲ್ಲವೋ? ಒಂದೇ ಒಂದು ಸೀರೆ, ಒಂದೇ ಒಂದು ಇಟ್ಟಿದ್ದರೆ? ಓಣಿಯ ನಾಲ್ಕು ಮಂದಿ ಬಾಗಿಲಿಗೆ ಬಂದು ನಿಂತರು. ನಾನು ನಿಲ್ಲಿಸಲಿಲ್ಲ.

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು, ಸುಟ್ಟಳು, ಬುಟ್ಟಿಗೆ ಹಾಕಿದಳು.

'ಹಿರ್ಯಾರು ಹೇಳಿದ್ರು ರೀ. ಸತ್ತೋರ ಬಟ್ಟಿ ಮನ್ಯಾಗಿದ್ರ ಬಸುರಿಗಿ ಸೋಂಕ್ತದ ಅಂದ್ರು. ಹೊಟ್ಟ್ಯಾಗಿಂದು ನಿಲ್ಲಂಗಿಲ್ಲ ಅಂದ್ರು.'

'ಆಕೀ ಎಲ್ಲಿ, ಸೀರಿ ಎಲ್ಲಿ! ಆಕೀ ವಾಡ್ಯಾಗ, ಸೀರಿ ಕುರಕುಂಟಾದಾಗ!'

'ಬಾಣಂತನಕ್ಕ ಇಲ್ಲಿಗೇ ಬರಾಕಿ ಇದ್ದಳಲ್ರಿ' ಅಂದಳು. ಆಮೇಲೆ ಹಿಟ್ಟಿನ ಕೈಯನ್ನೇ ನೋಡಿಕೊಂಡು, ಓಣಿಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: 'ನಂದು ಎರಡು ಸಲ ನಿಲ್ಲಲಿಲ್ರಿ. ಯಾಕ ನಿಲ್ಲಲಿಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲ. ಆಕೀದರ ನಿಲ್ಲಲಿ ಅಂತ ಎಲ್ಲಾ ತಗದು ಕೊಟ್ಟೀನಿ. ಒಂದು ಎಳೀನೂ ಇಡಲಿಲ್ಲ.'

ಸಿಟ್ಟು ಇಳಿಯಿತೆಂದು ಹೇಳಲಾರೆ. ಇಳಿಯಲಿಲ್ಲ, ಕಾಲಿಡಲು ಜಾಗ ಸಿಗದೆ ಅಲ್ಲಲ್ಲೇ ತಿರುಗಿತು. ಅದು ಇವಳ ಮೇಲೆ ಬೀಳುವಂತಿರಲಿಲ್ಲ. ಹಾಗಾದರೆ ಯಾರ ಮೇಲೆ? ಹೇಳಿದ ಹಿರಿಯರು ಯಾರು? ಅವರಿಗೆ ಹೇಳಿದವರು ಯಾರು? ಅದೇ ಹಿರಿಯರು ಅವ್ವನ ಮುಖ ಮುಚ್ಚಿದರು, ಅದೇ ಹಿರಿಯರು ಅವ್ವನ ಸೀರೆ ಹೊರಗೆ ಹಾಕಿಸಿದರು, ಅದೇ ಹಿರಿಯರು ಕೂಸಿಗೆ ಮಾತ್ರ ಹಳೆಯದೇ ಬೇಕು ಅನ್ನುತ್ತಾರೆ. 'ಆಕೀಗಿ ಒಂದು ಮಾತು ಕೇಳಬೇಕಿತ್ತವ್ವ ನೀ' ಎಂದಷ್ಟೇ ಹೇಳಿ ಹೊರಬಿದ್ದೆ. ಹಿಂದಿನಿಂದ 'ರೊಟ್ಟಿ ಉಂಡು ಹೋಗ್ರಿ' ಎಂದು ಕೂಗಿದಳು. ತಿರುಗಿ ನೋಡಲಿಲ್ಲ.

ವಾಡಿಗೆ ಫೋನು ಮಾಡಿ ಸೀರೆ ಸಿಗಲಿಲ್ಲ ಎಂದು ಹೇಳುವುದು ನನ್ನ ಪಾಲಿಗೇ ಬಂತು. ಶೆಡ್ಡಿನ ಡಬ್ಬಿಯ ಸುದ್ದಿ ಹೇಳಲಿಲ್ಲ. ವೈನಿ ಯಾಕೆ ಕೊಟ್ಟಳು ಎಂಬುದನ್ನು ಹೇಳಿದೆ. 'ನಾ ಆಕೀ ಜೋಡಿ ಮಾತಾಡಂಗಿಲ್ರಿ' ಅಂದಳು ಅವಳು. ಬಾಣಂತನಕ್ಕೆ ತವರಿಗೂ ಹೋಗುವುದಿಲ್ಲವಂತೆ, ವಾಡಿಯಲ್ಲೇ ಇರುತ್ತಾಳಂತೆ. ಕಾರಣ ಗೊತ್ತಾದರೆ ನೋವು ಕಡಿಮೆಯಾಗುತ್ತದೆ ಎಂದು ಯಾರು ಹೇಳಿದರೋ.

ಹೆರಿಗೆ ಆದದ್ದು ಚಿತ್ತಾಪುರದ ಆಸ್ಪತ್ರೆಯಲ್ಲಿ. ಬೆಳಿಗ್ಗೆ ಅವಳ ಗಂಡ ಫೋನು ಮಾಡಿ, ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದಾರೆ, ನಿಮಗೆ ಬರಲು ಹೇಳುತ್ತಿದ್ದಾಳೆ ಅಂದ. ನನ್ನ ಅಂಗಡಿಯಲ್ಲಿದ್ದ ಸೀರೆಗಳಲ್ಲೆಲ್ಲ ಮೆತ್ತಗಿನದನ್ನು ಆರಿಸಿ, ಗಂಧದ ಬಣ್ಣದ್ದನ್ನೇ ಆರಿಸಿ, ಚೀಲಕ್ಕೆ ಹಾಕಿಕೊಂಡು ಹೋದೆ. ಅವಳ ಅವ್ವನದಲ್ಲ. ಯಾರದೋ ಅವ್ವನದು. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗುವಂತಿರಲಿಲ್ಲ.

ವಾರ್ಡಿನಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು. ಕೂಸು ಆಸ್ಪತ್ರೆಯ ಟವೆಲ್ಲಿನಲ್ಲೇ ಇತ್ತು. ಅವಳ ಅತ್ತೆ, ವಾಡಿಯಾಕೆ, ತಮ್ಮ ಮನೆಯ ಹಳೆಯ ಧೋತರ ತಂದು ಕೈಯಲ್ಲಿ ಹಿಡಿದು ನಿಂತಿದ್ದಳು. ಇವಳು 'ತಡೀರಿ, ತಡೀರಿ' ಅನ್ನುತ್ತಿದ್ದಳಂತೆ. ಏನಕ್ಕೆ ತಡೆಯಬೇಕು ಎಂದು ಇವಳಿಗೂ ಗೊತ್ತಿಲ್ಲ. ನಾನು ತಂದ ಸೀರೆ ಮುಟ್ಟಿ ನೋಡಿದಳು. 'ಭಾಳ ಮೆತ್ತಗದ ಅಕ್ಕಾರ' ಅಂದಳು. ಅಷ್ಟು ಹೇಳುವುದಕ್ಕೇ ಕಣ್ಣು ತುಂಬಿ ಮುಖ ಆಚೆ ಮಾಡಿದಳು.

ಆಗ ಬಾಗಿಲಲ್ಲಿ ವೈನಿ ಕಂಡಳು. ಸುದ್ದಿ ತಿಳಿದು ಕುರಕುಂಟಾದಿಂದ ಮೊದಲ ಬಸ್ಸಿಗೇ ಹೊರಟಿರಬೇಕು, ಕೂದಲೆಲ್ಲ ಧೂಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಬರಲೋ ಬೇಡವೋ ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾದಿನಿ ಅವಳನ್ನು ನೋಡಿ ಕೂಸಿನ ಕಡೆ ತಿರುಗಿದಳು. ಮಾತಾಡಿದವಳು ಅತ್ತೆ.

'ನೀ ಅಲ್ಲೇ ನಿಂದ್ರವ್ವ. ಹಸಿ ಕೂಸು. ನಿನ್ನ ಕೈಯ್ಯಂದು ಬ್ಯಾಡ.'

ಯಾಕೆ ಬೇಡ ಎಂದು ಬಿಡಿಸಿ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ವಾರ್ಡಿನ ಎಲ್ಲ ಹೆಂಗಸರಿಗೂ ಅರ್ಥವಾಯಿತು, ಎಲ್ಲರೂ ತಿರುಗಿ ವೈನಿಯ ಹೊಟ್ಟೆ ನೋಡಿದರು. ಹಡೆಯದವಳ ಕೈ, ಹಡೆಯದವಳ ಕಣ್ಣು. ನನಗೆ ಕುರಕುಂಟಾದಲ್ಲಿ ಜಾಗ ಸಿಗದೆ ಹೋದ ಸಿಟ್ಟಿಗೆ ಈಗ ಜಾಗ ಸಿಕ್ಕಿತು. 'ಏನ್ರೀ ಮಾತು ಇದು? ನಾಚಿಕಿ ಅನ್ನೂದು ಅದ ಇಲ್ಲ ನಿಮಗ? ಆ ಹೆಣ್ಣುಮಗಳು ನಿಮ್ಮ ಮೊಮ್ಮಗಳ ಸಲುವಾಗಿ ಏನು ಮಾಡ್ಯಾಳ ಗೊತ್ತದೇನು? ಹಡದವ್ರು ಅಂತ ನೀವೇನು ಆಕಾಶದಿಂದ ಇಳದು ಬಂದೀರೇನು?' ಎಂದು ವಾರ್ಡೆಲ್ಲ ಕೇಳುವ ಹಾಗೆ ಒದರಿದೆ. ನರ್ಸಮ್ಮ ಓಡಿ ಬಂದು ಗದರಿಸಿದರು. ಅವರ ಮೇಲೂ ಒಂದು ಮಾತು ಎಸೆದೆ. ಒಂದು ತಿಂಗಳ ಹಿಂದೆ ಯಾರನ್ನು ಓಣಿಯವರ ಮುಂದೆ ಬೈದಿದ್ದೆನೋ ಅವಳ ಕಡೆಯಿಂದಲೇ ಈಗ ಜಗಳಕ್ಕೆ ನಿಂತಿದ್ದೆ.

ವೈನಿ ಜಗಳ ಕೇಳಿಸಿಕೊಳ್ಳಲೇ ಇಲ್ಲ. ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು ಚೀಲದಿಂದ ಒಂದು ಸೀರೆ ತೆಗೆದು ನನ್ನ ಕೈಗೆ ಕೊಟ್ಟಳು. ಬಣ್ಣ ಹೋದ ನೀಲಿ ನೂಲಿನ ಸೀರೆ, ಮನೆಗೆಲಸಕ್ಕೆ ಉಡುವಂಥದ್ದು.

'ಅತ್ತೀದಲ್ಲ ಇದು. ನಂದು' ಅಂದಳು ನಾದಿನಿಯ ಕಡೆ ನೋಡಿ. 'ನಿಮ್ಮವ್ವ ಆ ವರ್ಷ ಎದ್ದಾಡಬೇಕಂದ್ರ ನನ್ನ ಸೆರಗ ಹಿಡ್ಕೊಂಡೇ ಏಳ್ತಿದ್ಳು. ಬಚ್ಚಲಕ್ಕ ಹೋಗಬೇಕಂದ್ರೂ ಸೆರಗ, ಕುಂದ್ರಬೇಕಂದ್ರೂ ಸೆರಗ. ಮಲಗಿದ ಮ್ಯಾಲೂ ಬಿಡ್ತಿದ್ದಿಲ್ಲ. ದಿನಾ ಇದನ್ನೇ ಉಡ್ತಿದ್ದೆ, ಬ್ಯಾರೇದು ಉಟ್ರ ಆಕೀ ಹಿಡಿತಿದ್ದಿಲ್ಲ.'

ನಾನು ಸೆರಗು ಬಿಡಿಸಿದೆ. ನನ್ನ ಕಸುಬೇ ಅದು, ಬಟ್ಟೆ ಎಲ್ಲಿ ಹೇಗೆ ಸವೆದಿದೆ ಎಂದು ನೋಡುವುದು. ನೀರು, ಕಲ್ಲು, ಬಿಸಿಲು ಸವೆಸಿದರೆ ಸೀರೆ ಎಲ್ಲ ಕಡೆ ಒಂದೇ ಸಮ ತೆಳ್ಳಗಾಗುತ್ತದೆ. ಇದು ಹಾಗಿರಲಿಲ್ಲ. ಸೆರಗಿನ ಒಂದು ಮೂಲೆ ಮಾತ್ರ ಜರಡಿಯಾಗಿತ್ತು, ಎಳೆಗಳು ಒಂದೇ ದಿಕ್ಕಿಗೆ ಜಗ್ಗಿ ಓರೆಯಾಗಿದ್ದವು, ಮುಷ್ಟಿಯಗಲದಷ್ಟು. ಯಾರೋ ತಮ್ಮ ಮೈಯ ಭಾರವನ್ನೆಲ್ಲ ಅಲ್ಲಿ ಹಾಕಿ ಹಿಡಿದಿದ್ದರು. ಸುಳ್ಳು ಹೇಳಿ ಹಾಗೆ ಸವೆಸಲು ಯಾರಿಗೂ ಬರುವುದಿಲ್ಲ. ನಾನು ಸೀರೆಯನ್ನು ಹಾಸಿಗೆಗೆ ಒಯ್ದು ಆ ಮೂಲೆಯನ್ನು ಅವಳ ಕೈಗೆ ಇಟ್ಟೆ.

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಮತ್ತೆ ಬಿಟ್ಟು, ಮತ್ತೆ ಹಿಡಿದಳು. ಅತ್ತೆ ಧೋತರ ಮಡಚಿ ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.

'ಅವ್ವ ನನ್ನ ನೆನಸ್ತಿದ್ಳೇನು ವೈನಿ?' ಎಂದು ಆ ಹೆಣ್ಣುಮಗಳು ಕೇಳಿದಳು. ಅಷ್ಟು ದಿನದ ಮೇಲೆ ಅವಳು ವೈನಿಯೊಂದಿಗೆ ಆಡಿದ ಮೊದಲ ಮಾತು ಅದು.

ವೈನಿ ಬಾಗಿಲಲ್ಲೇ ನಿಂತು ಹೇಳಿದಳು: 'ಕಡೀ ಕಡೀಗಿ ಆಕೀಗಿ ಮಂದಿ ಗುರ್ತು ಸಿಗ್ತಿದ್ದಿಲ್ಲ. ನನಗ ನಿನ್ನ ಹೆಸರ್ಲೆ ಕರೀತಿದ್ಳು. ಯಾವಾಗ ಬಂದಿ ವಾಡಿಯಿಂದ ಅಂತಿದ್ಳು. ಈಗ ಬಂದೀನಿ ಯವ್ವಾ ಅಂತಿದ್ದೆ. ಹೋಗಬ್ಯಾಡ ಅಂತಿದ್ಳು. ಹೋಗಂಗಿಲ್ಲ ಅಂತಿದ್ದೆ.'

ಆ ಹೆಣ್ಣುಮಗಳು ಕೂಸಿನ ಮೈಮೇಲಿನ ಟವೆಲ್ಲು ತೆಗೆದು, ನೀಲಿ ಸೀರೆಯಲ್ಲಿ ಸುತ್ತಿ, 'ಬಾ ಇಲ್ಲಿ' ಎಂದು ವೈನಿಯನ್ನು ಕರೆದು, ಕೂಸನ್ನು ಎತ್ತಿ ಅವಳ ಉಡಿಯಲ್ಲಿ ಹಾಕಿದಳು.